ಇಂದು ಏನನ್ನು ಬರೆಯಲಿ?

ಮನೆ ಬಿಟ್ಟು ಬಂದು ತಿಂಗಳೊಪ್ಪತ್ತು ಪರಸ್ಥಳದಲ್ಲಿ ತಂಗುವ ಚಿತ್ರಕಾರನನ್ನು ಮೂರನೆಯ ದಿನಕ್ಕೇ ಈ ಪ್ರಶ್ನೆ ಕಾಡತೊಡಗುತ್ತದೆ. ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಇದಕ್ಕೆ ಹಳೆಯದೊಂದು ಉತ್ತರವುಂಟು. ಮದರಾಸಿನ ಪುರಾತತ್ವ ಇಲಾಖೆಯ ಅಲೆಗ್ಸಾಂಡರ್ ರೀ 1896ರಲ್ಲಿ ಹೊರತಂದ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಗ್ರಂಥದಲ್ಲಿ ಬಾಗಳಿ, ನೀಲಗುಂದ, ಹಿರೇಹಡಗಲಿ, ಮಾಗಳಗಳ ಗುಡಿಗಳು ಅಳತೆಯ ರೇಖಾಚಿತ್ರಗಳಾಗಿ ಮೂಡಿವೆ. ಅಳತೆಗಾರನಿಗೆ ಸ್ಫೂರ್ತಿಗಾಗಿ ಕಾಯುವ ಸ್ವಾತಂತ್ರ್ಯವೆಲ್ಲಿ? ಕಂಬದ ಪೀಠ ಮುಗಿದರೆ ಕಾಂಡ, ಕಾಂಡ ಮುಗಿದರೆ ಬೋದಿಗೆ. ಮರುದಿನಕ್ಕೆ ಪಕ್ಕದ ಕಂಬ.

ಬಾಗಳಿಯ ಕಲ್ಲೇಶ್ವರನ ಮಂಟಪದಲ್ಲಿ ಈ ಕ್ರಮವನ್ನು ಇಂದಿಗೂ ಪರೀಕ್ಷಿಸಬಹುದು. ಒತ್ತಾಗಿ ನಿಂತ ಕಂಬಗಳು ದೂರಕ್ಕೆ ಒಂದೇ ಅಚ್ಚಿನವೆಂದು ತೋರುತ್ತವೆ. ಪೆನ್ಸಿಲು ಹಿಡಿದು ಕುಳಿತವನಿಗೆ ಮಾತ್ರ ಅವುಗಳ ಭೇದ ಒಂದೊಂದಾಗಿ ತೆರೆಯುತ್ತದೆ. ಕ್ಯಾಮೆರಾ ಕ್ಷಣದಲ್ಲಿ ಎಲ್ಲವನ್ನೂ ಸೆರೆಹಿಡಿಯುತ್ತದೆ. ಕೈ ನಿಧಾನ, ಅದೇ ಅದರ ಭಾಗ್ಯ.

ಕಲ್ಲು ಬೇಸರವಾದ ದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯುಂಟು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಆ ಕೆರೆಯ ಜಾಲಿಮರಗಳಲ್ಲಿ ನೆಲೆಸುವ ಬಣ್ಣದ ಕೊಕ್ಕರೆ ಕಂಬದಂತೆ ನಿಂತು ಕೊಡುವುದಿಲ್ಲ. ಕತ್ತಿನ ಗೆರೆ ಅರ್ಧಕ್ಕೆ ಬಂದಾಗಲೇ ಹಾರಿಬಿಡುತ್ತದೆ. ಆ ಹಾಳೆಯನ್ನು ಹರಿಯದೆ ಇಟ್ಟುಕೊಳ್ಳಬೇಕು. ಉಳಿದರ್ಧಕ್ಕೆ ಮರುದಿನ ಅದೇ ಕೊಂಬೆಯ ಮೇಲೆ ಇನ್ನೊಂದು ಹಕ್ಕಿ ಬಂದು ಕುಳಿತೀತು.