ಕೆರೆ, ಕಾಡು, ಕಾವಲು: ಯಾವ ಪದವಿ, ಯಾವ ಕಾಲೇಜು?

ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಓದಬೇಕು ಅನ್ನುವ ಹುಡುಗ ಹುಡುಗಿಯರು ಈಗ ಕಡೂರು, ತರೀಕೆರೆ, ಅಜ್ಜಂಪುರದ ಪಿಯು ಕಾಲೇಜುಗಳಲ್ಲೂ ಸಿಗುತ್ತಾರೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಕೋರ್ಸ್ ಪಟ್ಟಿಯಲ್ಲಿ ಆ ಹೆಸರು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಬಿ.ಎಸ್‌ಸಿ (ಆನರ್ಸ್) ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಬಿ.ಟೆಕ್ ಕೃಷಿ ಎಂಜಿನಿಯರಿಂಗ್ ಮುಂತಾದವು. ಸಂಪನ್ಮೂಲ ನಿರ್ವಹಣೆ ಇವುಗಳಲ್ಲೆಲ್ಲ ಹಂಚಿಹೋಗಿದೆ. ಹಾಗಾಗಿ ಕಾಲೇಜಿನ ಮಾತು ಎರಡನೆಯದು. ಯಾವ ಸಂಪನ್ಮೂಲ, ಯಾವ ಕೆಲಸ ಅನ್ನುವುದು ಮೊದಲು ತೀರ್ಮಾನವಾಗಬೇಕು.

ಇದಕ್ಕೆ ಈ ಮೂರು ತಾಲ್ಲೂಕುಗಳೇ ಸಾಕಷ್ಟು ಸುಳಿವು ಕೊಡುತ್ತವೆ. ಕಡೂರಿನ ಚಿಂತೆ ನೀರು. ಕೃಷಿ ಹವಾಮಾನ ವಲಯಗಳ ಲೆಕ್ಕದಲ್ಲಿ ಕಡೂರು ಮಧ್ಯ ಒಣ ವಲಯಕ್ಕೆ ಸೇರುತ್ತದೆ, ಪಕ್ಕದ ತರೀಕೆರೆ ದಕ್ಷಿಣ ಪರಿವರ್ತನಾ ವಲಯಕ್ಕೆ. ಬಾಬಾಬುಡನ್‌ಗಿರಿಯ ಮಳೆ ಸಖರಾಯಪಟ್ಟಣದ ಅಯ್ಯನಕೆರೆಗೆ, ಎಮ್ಮೆದೊಡ್ಡಿ ಕಡೆಯ ಮದಗದ ಕೆರೆಗೆ ಇಳಿಯುತ್ತದೆ. ವೇದಾವತಿಯಾಗಿ ಮುಂದೆ ಹರಿದದ್ದು ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತದೆ. ಮೇಲೆ ಕೆರೆ, ಕೆಳಗೆ ಅಣೆಕಟ್ಟು, ನಡುವೆ ತೆಂಗಿನ ತೋಟ ಮತ್ತು ಕೊಳವೆಬಾವಿ. ಇದನ್ನು ಅರ್ಥಮಾಡಿಕೊಳ್ಳಬೇಕು ಅನ್ನುವವರಿಗೆ ಮೂರು ದಾರಿಗಳಿವೆ. ಒಂದು, ಕೃಷಿ ಪದವಿ ಮುಗಿಸಿ ಎಂ.ಎಸ್‌ಸಿಯಲ್ಲಿ ಮಣ್ಣು ವಿಜ್ಞಾನ. ಇನ್ನೊಂದು, ಕೃಷಿ ಎಂಜಿನಿಯರಿಂಗ್. ಬದು, ಚೆಕ್‌ಡ್ಯಾಂ, ಜಲಾನಯನದ ಲೆಕ್ಕಾಚಾರವನ್ನು ನಿಜವಾಗಿ ಕಲಿಸುವುದು ಅಲ್ಲಿಯ ಮಣ್ಣು ಮತ್ತು ಜಲ ಸಂರಕ್ಷಣಾ ವಿಭಾಗ. ಬೆಂಗಳೂರಿನ ಜಿಕೆವಿಕೆ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈ ಕೋರ್ಸ್ ಇದೆ. ಪಿಯುಸಿಯಲ್ಲಿ ಗಣಿತ ಇರಲೇಬೇಕು. ಮೂರನೆಯದು ಭೂವಿಜ್ಞಾನ. ಅಂತರ್ಜಲದ ಕೆಲಸಗಳಿಗೆ ಕೇಳುವುದು ಅದನ್ನೇ.

ತರೀಕೆರೆಯ ಕಥೆ ಬೇರೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಅದರ ಹಿನ್ನೀರಿಗೆ ಅಂಟಿಕೊಂಡೇ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ. ಅರಣ್ಯದೊಳಗಿನ ಹಳ್ಳಿಗಳ ಜನ 2000ದ ದಶಕದ ಆರಂಭದಲ್ಲಿ ಹೊರಬಂದು ಎಂ.ಸಿ. ಹಳ್ಳಿಯಂಥ ಕಡೆ ನೆಲೆಸಿದರು. ದೇಶದ ಪುನರ್ವಸತಿ ಚರ್ಚೆಗಳಲ್ಲಿ ಇಂದಿಗೂ ಈ ಉದಾಹರಣೆ ಬರುತ್ತದೆ. ಮೇಲ್ಗಡೆ ಕುದುರೆಮುಖದಲ್ಲಿ ಅದಿರು ತೆಗೆಯುವುದು 2005ರ ಕೊನೆಗೆ ನಿಂತಿತು. ಭದ್ರೆಗೆ ಬರುತ್ತಿದ್ದ ಹೂಳಿನ ವಿಚಾರ ಅದಕ್ಕೂ ಮೊದಲು ನ್ಯಾಯಾಲಯದವರೆಗೆ ಹೋಗಿತ್ತು. ಕಾಡು, ನದಿ, ಗಣಿ, ಜನ ಹೀಗೆ ಒಂದೇ ಕಡೆ ಹೆಣೆದುಕೊಂಡಿರುವಲ್ಲಿ ಬೆಳೆದವರಿಗೆ ಅರಣ್ಯಶಾಸ್ತ್ರ ಸಹಜ ಆಯ್ಕೆ. ರಾಜ್ಯದ ಅರಣ್ಯ ಕಾಲೇಜುಗಳೆಂದರೆ ಮುಖ್ಯವಾಗಿ ಎರಡು: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಕಾಲೇಜು, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಪೊನ್ನಂಪೇಟೆ ಕಾಲೇಜು. ಸೀಟು ಕಡಿಮೆ. ಎರಡೂ ಊರಿಗೆ ರೈಲಿಲ್ಲ, ಹಾಸ್ಟೆಲ್ ಖಾಯಂ.

ಈ ಪದವಿಯ ಗುಟ್ಟೊಂದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ ಹುದ್ದೆಯ ನೇರ ನೇಮಕಾತಿಯಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಮೀಸಲು ಪಾಲಿದೆ. ಉಳಿದದ್ದಕ್ಕೆ ಬೇರೆ ವಿಜ್ಞಾನ ಪದವೀಧರರೂ ಪೈಪೋಟಿಗೆ ಬರುತ್ತಾರೆ. ಆ ಪಾಲು ಎಷ್ಟಿರಬೇಕು ಎಂಬುದರ ಮೇಲೆ ವಿದ್ಯಾರ್ಥಿಗಳು ಹಲವು ಸಲ ಧರಣಿ ಕೂತಿದ್ದಾರೆ. ನೇಮಕಾತಿ ವರ್ಷಗಟ್ಟಲೆ ನಡೆಯದೇ ಇರುವುದೂ ಉಂಟು. ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆಯೋ, ಅರಣ್ಯಶಾಸ್ತ್ರದವರಿಗಷ್ಟೇ ಅಲ್ಲ, ಕೃಷಿ, ಎಂಜಿನಿಯರಿಂಗ್, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ ಓದಿದವರಿಗೂ ತೆರೆದಿದೆ. ಕಾಡಿನ ಮೇಲೆ ಪ್ರೀತಿ ಇದ್ದರೆ ಅರಣ್ಯಶಾಸ್ತ್ರ ಸೇರಿ. ಬರೀ ಖಾಕಿಯ ಮೇಲೆ ಕಣ್ಣಿದ್ದರೆ ಇನ್ನೊಮ್ಮೆ ಯೋಚಿಸಿ.

ಅಜ್ಜಂಪುರಕ್ಕೆ ಬಂದರೆ ಹುಲ್ಲು. ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಇಲ್ಲಿದೆ, ಸುತ್ತ ಕಾವಲುಗಳು, ಅಂದರೆ ದನ ಮೇಯುವ ಹುಲ್ಲುಗಾವಲುಗಳಿವೆ. ಕಡೂರು ಕಡೆಯ ಬಾಸೂರು ಕಾವಲು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ಕಾವಲು ಅಂದರೆ ಖಾಲಿ ಜಾಗ ಅಂತ ಎಣಿಸಿ ನೀಲಗಿರಿ ನೆಟ್ಟ ಕಾಲವೂ ಇತ್ತು. ನನಗೆ ಕಂಡಂತೆ ಹುಲ್ಲುಗಾವಲನ್ನು ಮನಸಾರೆ ಕಲಿಸುವ ಪದವಿ ನಮ್ಮಲ್ಲಿ ಇಲ್ಲ. ಅರಣ್ಯಶಾಸ್ತ್ರದವರು ಮರ ನೋಡುತ್ತಾರೆ, ಕೃಷಿಯವರು ಬೆಳೆ ನೋಡುತ್ತಾರೆ, ಪಶುವೈದ್ಯರು ದನ ನೋಡುತ್ತಾರೆ. ಇಂಥ ಆಸಕ್ತಿ ಇದ್ದವರಿಗೆ ಊರಿನ ಹತ್ತಿರದ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಇರುವ ಬಿ.ಎಸ್‌ಸಿ ಮುಗಿಸಿ ಮುಂದೆ ಹೋಗುವ ದಾರಿಯೇ ಮೇಲು.

ಆ ದಾರಿಯನ್ನು ಕೀಳಾಗಿ ನೋಡುವ ಅಭ್ಯಾಸ ನಮ್ಮಲ್ಲಿದೆ. ಅದು ತಪ್ಪು. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಇರುವುದು ಲಕ್ಕವಳ್ಳಿಗೆ ಹತ್ತಿರದ ಶಂಕರಘಟ್ಟದಲ್ಲಿ, ತರೀಕೆರೆಯ ಪಕ್ಕದಲ್ಲೇ. ಪರಿಸರ ವಿಜ್ಞಾನ, ಅನ್ವಯಿಕ ಭೂವಿಜ್ಞಾನ, ವನ್ಯಜೀವಿ ಮತ್ತು ನಿರ್ವಹಣೆ ಮೂರೂ ಸ್ನಾತಕೋತ್ತರ ವಿಭಾಗಗಳು ಅಲ್ಲಿವೆ. ಭೂವಿಜ್ಞಾನ ಬೇಕೆಂದರೆ ಮಾತ್ರ ಬಿ.ಎಸ್‌ಸಿ ಸೇರುವಾಗಲೇ ಆ ವಿಷಯ ಇರುವ ಕಾಲೇಜನ್ನು ಹುಡುಕಿಕೊಳ್ಳಿ. ಎಲ್ಲ ಕಾಲೇಜುಗಳಲ್ಲೂ ಅದು ಸಿಗುವುದಿಲ್ಲ. ಇನ್ನೂ ಮುಂದೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ ಇದೆ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ ವನ್ಯಜೀವಿ ಎಂ.ಎಸ್‌ಸಿ ಇದೆ, ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆ ಇದೆ. ಯಾವ ಊರಿನ ಕಾಲೇಜಿನಿಂದ ಬಂದಿರಿ ಅನ್ನುವುದಕ್ಕಿಂತ ಪ್ರವೇಶ ಪರೀಕ್ಷೆಯ ಅಂಕ ಅಲ್ಲಿ ಹೆಚ್ಚು ಮಾತಾಡುತ್ತದೆ.

ಇನ್ನು ಕೃಷಿ, ತೋಟಗಾರಿಕೆ, ಅರಣ್ಯ ಪದವಿಗಳಿಗೆ ಕಾಲೇಜಿನ ಆಯ್ಕೆ. ಮೊದಲು ನೋಡಬೇಕಾದದ್ದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ, ಅಂದರೆ ಐಸಿಎಆರ್‌ನ ಮಾನ್ಯತೆ. ಆ ಕಾಲೇಜಿಗೆ, ಆ ಕೋರ್ಸಿಗೆ, ಈ ವರ್ಷಕ್ಕೆ ಮಾನ್ಯತೆ ಇದೆಯಾ ಎಂದು ಐಸಿಎಆರ್ ಜಾಲತಾಣದಲ್ಲೇ ನೋಡಬೇಕು. ಮಾನ್ಯತೆ ಇಲ್ಲದ ಖಾಸಗಿ ಕಾಲೇಜಿನಲ್ಲಿ ಬಿ.ಎಸ್‌ಸಿ ಕೃಷಿ ಮುಗಿಸಿದವರಿಗೆ ಐಸಿಎಆರ್ ಮೂಲಕ ಎಂ.ಎಸ್‌ಸಿ ಸೀಟು ಪಡೆಯುವುದಕ್ಕೇ ಅಡ್ಡಿ ಬರುತ್ತದೆ. ಬಣ್ಣದ ಬ್ರೋಷರ್‌ನಲ್ಲಿ ಈ ಸಾಲು ಇರುವುದಿಲ್ಲ. ಎರಡನೆಯದು, ಪಾಠ ನಿಜವಾಗಿ ಎಲ್ಲಿ ನಡೆಯುತ್ತದೆ. 2012ರಲ್ಲಿ ಆರಂಭವಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಮುಖ್ಯ ಆವರಣ ಈಗ ಸಾಗರ ತಾಲ್ಲೂಕಿನ ಇರುವಕ್ಕಿಯ 777 ಎಕರೆಯಲ್ಲಿದೆ. ಶಿವಮೊಗ್ಗ ಅಂತ ಆಯ್ಕೆ ಹಾಕಿದ ಮಾತ್ರಕ್ಕೆ ತರೀಕೆರೆಯಿಂದ ದಿನಾ ರೈಲಿನಲ್ಲಿ ಹೋಗಿಬರಬಹುದು ಅಂತ ಲೆಕ್ಕ ಹಾಕಬೇಡಿ. ಇದೇ ವಿಶ್ವವಿದ್ಯಾಲಯದ ತೋಟಗಾರಿಕಾ ಕಾಲೇಜುಗಳು ಮೂಡಿಗೆರೆಯಲ್ಲೂ ಹಿರಿಯೂರಿನಲ್ಲೂ ಇವೆ. ಒಂದು ಮಲೆನಾಡು, ಇನ್ನೊಂದು ಬಯಲುಸೀಮೆ. ಕಡೂರಿನ ತೆಂಗು, ದಾಳಿಂಬೆಯ ಮಕ್ಕಳಿಗೆ ಹಿರಿಯೂರಿನ ಮಣ್ಣು ಹೆಚ್ಚು ಪರಿಚಿತ.

ಮೂರನೆಯದು, ಕಾಲೇಜು ಒಳಗೆ ಹೇಗಿದೆ ಎಂಬುದು. ಅದನ್ನು ಕಂಡುಹಿಡಿಯಲು ಕಾಲೇಜಿಗೇ ಹೋಗಬೇಕಾಗಿಲ್ಲ. ಕೃಷಿ ಪದವಿಯ ಕೊನೆಯ ವರ್ಷದವರು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ದೇವಸ್ಥಾನದ ಮುಂದಿನ ಜಾಗದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ: ನೀಲಿಯಲ್ಲಿ ಕೆರೆ, ಹಸಿರಿನಲ್ಲಿ ತೋಟ, ಕೆಂಪಿನಲ್ಲಿ ರಸ್ತೆ. ಊರಿನ ಹಿರಿಯರು ಅಲ್ಲೇ ನಿಂತು, ಕೋಡಿ ಆ ಕಡೆ ಅಲ್ಲಮ್ಮ, ಈ ಕಡೆ ಅಂತ ತಿದ್ದುತ್ತಾರೆ. ಆ ವಿದ್ಯಾರ್ಥಿಗಳನ್ನು ಮಾತಿಗೆ ಎಳೆಯಿರಿ. ಲ್ಯಾಬ್ ನಡೆಯುತ್ತದಾ, ಹೊಲದ ಕೆಲಸ ಎಷ್ಟು, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ, ಹಾಸ್ಟೆಲ್ ನೀರು ಹೇಗೆ ಅಂತ ಕೇಳಿ. ಯಾವ ಶ್ರೇಯಾಂಕ ಪಟ್ಟಿಯೂ ಇಷ್ಟು ಹೇಳುವುದಿಲ್ಲ.

ಸೀಟಿನ ಲೆಕ್ಕದಲ್ಲಿ ನಮ್ಮ ಕಡೆಯವರು ಕೈಬಿಡಬಾರದ್ದು ಕೃಷಿಕರ ಕೋಟಾ. ರೈತರ ಮಕ್ಕಳಿಗಿದ್ದ ಶೇ 40ರ ಪಾಲನ್ನು ಶೇ 50ಕ್ಕೆ ಏರಿಸಲಾಗಿದೆ. ಇದಕ್ಕೆ ಕೃಷಿಕರ ದೃಢೀಕರಣ ಪತ್ರ, ಆದಾಯದ ಪತ್ರ ಬೇಕು. ಸಿಇಟಿಯ ಜೊತೆಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇದೆ. ಅಲ್ಲಿ ಮುಂದಿಟ್ಟ ಬೀಜ, ಕಳೆ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕು. ರಾಗಿ ನವಣೆ ಬೇರೆ ಮಾಡಲು ಬಂದರೆ, ಕುಂಟೆ ಕೂರಿಗೆಯ ಹೆಸರು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ರೈತರ ಮನೆಯಲ್ಲಿ ಹುಟ್ಟಿದರೂ ಹಾಸ್ಟೆಲ್‌ನಲ್ಲೇ ಬೆಳೆದ ಮಕ್ಕಳು ಎಡವುವುದೂ ಇಲ್ಲೇ. ಪರೀಕ್ಷೆಗೆ ಮುಂಚೆ ಅಜ್ಜನ ಜೊತೆ ಒಂದೆರಡು ವಾರ ಹೊಲ ಸುತ್ತಿಬರಲಿ. ಪತ್ರಗಳನ್ನಂತೂ ಸಿಇಟಿ ಅರ್ಜಿ ತೆರೆಯುವ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ. ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇರುವ ಮನೆಗಳವರು ಇನ್ನಷ್ಟು ಬೇಗ ಓಡಾಡಬೇಕಾಗುತ್ತದೆ.