ಮೂಸೆಗೆ ಬಿದ್ದ ಉಂಗುರಗಳು

ಸಾವಿರ ವರ್ಷದ ಹಿಂದೆ ಚಿಂತಾಮಣಿ ಸೀಮೆಯಲ್ಲಿ ಹರಳಿನುಂಗುರ ತೊಟ್ಟವರು ಇರಲಿಲ್ಲವೆಂದರೆ ನಂಬುವುದು ಕಷ್ಟ. ಪಕ್ಕದ ನಂದಿಯ ಭೋಗನಂದೀಶ್ವರನ ಗುಡಿಗೆ ಸಂಬಂಧಿಸಿದ, 9ನೇ ಶತಮಾನದ ಆರಂಭದ ನೊಳಂಬ, ಬಾಣ ಅರಸರ ಶಾಸನಗಳಿವೆ. ಕೋಲಾರದಾಚೆಯ ಚಿನ್ನದ ನೆಲವನ್ನು ಬ್ರಿಟಿಷರು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮವರು ಅಗೆದಿದ್ದರು. ಇಷ್ಟಿದ್ದೂ ಆ ಕಾಲದ ಒಂದು ಉಂಗುರವನ್ನು ಕಣ್ಣಾರೆ ನೋಡಬೇಕೆಂದರೆ ಸುಲಭಕ್ಕೆ ಸಿಗದು.

ಕಾರಣ ಸರಳ. ಯೂರೋಪಿನ ಹಲವೆಡೆ ಅದಕ್ಕೂ ಹಿಂದಿನ ಶತಮಾನಗಳಲ್ಲಿ ಶ್ರೀಮಂತರನ್ನು ಒಡವೆಸಮೇತ ಹೂಳುತ್ತಿದ್ದರು. ಗೋರಿ ಅಗೆದಾಗ ಉಂಗುರ ಹಾಗೇ ಸಿಕ್ಕಿತು. ನಮ್ಮಲ್ಲಿ ಹೆಣ ಚಿತೆಗೆ ಹೋಯಿತು, ಒಡವೆ ಮಗಳಿಗೋ ಸೊಸೆಗೋ ಹೋಯಿತು. ಅಲ್ಲಿಂದ ಅಕ್ಕಸಾಲಿಗರ ಮೂಸೆಗೆ. ಹಳೆಯದನ್ನು ಕೊಟ್ಟು ಹೊಸದು ಮಾಡಿಸುವ ಚಾಳಿ ನಿನ್ನೆ ಮೊನ್ನೆಯದಲ್ಲ.

ಹಾಗಾಗಿ ಉಂಗುರವನ್ನು ಕಲ್ಲಿನ ಮೇಲಿನ ಅಕ್ಷರದಲ್ಲಿ ಹುಡುಕಬೇಕು. 11ನೇ ಶತಮಾನದ ಆರಂಭಕ್ಕೆ ಕೋಲಾರದ ಸೀಮೆ ಚೋಳರ ಕೈಸೇರಿ ‘ನಿಗರಿಲಿ ಚೋಳಮಂಡಲ’ ಎನಿಸಿಕೊಂಡಿತು. ಅದೇ ಚೋಳರ ರಾಜರಾಜನು ತಂಜಾವೂರಿನ ದೊಡ್ಡ ಗುಡಿಗೆ ಕೊಟ್ಟ ಒಡವೆಗಳ ಪಟ್ಟಿ ಅಲ್ಲಿನ ಗೋಡೆಯ ಮೇಲೇ ಇದೆ. ಅದರಲ್ಲಿ ನವರತ್ನದ ಉಂಗುರಗಳೂ ಉಂಟು. ಬರೆಸಿದವರು ಪಕ್ಕಾ ಲೆಕ್ಕದವರು: ಯಾವ ಹರಳು ಎಷ್ಟು, ಯಾವುದರಲ್ಲಿ ಯಾವ ದೋಷ, ಎಲ್ಲವೂ ದಾಖಲು. ಒಡವೆಯ ತೂಕದಲ್ಲಿ ಅರಗೂ ಸೇರಿದೆ ಎಂಬುದನ್ನು ಕೂಡ ಬಿಟ್ಟಿಲ್ಲ. ನನಗಂತೂ ಇಡೀ ಪಟ್ಟಿಯಲ್ಲಿ ಈ ಅರಗಿನ ಮಾತೇ ಹೆಚ್ಚು ಬೆಲೆಯದು. ಯಾಕೆಂದರೆ ಉಂಗುರ ಹೇಗೆ ಮಾಡುತ್ತಿದ್ದರು ಎಂಬ ಗುಟ್ಟು ಅದರಲ್ಲಿದೆ.

ಚಿನ್ನದ ಗೂಡಿನೊಳಗೆ ಅರಗು ತುಂಬಿ ಅದರ ಮೇಲೆ ಹರಳು ಕೂರಿಸುತ್ತಾರೆ. ಇಂದಿಗೂ ಉಳಿದಿರುವ ಕುಂದಣದ ಕೆಲಸ ಇದೇ ಜಾಡಿನದು. ಹರಳಿನ ಸುತ್ತ ಅಪ್ಪಟ ಚಿನ್ನದ ತೆಳು ಎಳೆಯನ್ನು ಉಕ್ಕಿನ ಮೊನೆಯಿಂದ ಒತ್ತುತ್ತಾ ಹೋಗಬೇಕು. ಬೆಸುಗೆ ಬೇಡ, ಬೆಂಕಿಯೂ ಬೇಡ; ಬೆರಕೆಯಿಲ್ಲದ ಚಿನ್ನ ಬರಿಯ ಒತ್ತಡಕ್ಕೇ ಒಂದಕ್ಕೊಂದು ಅಂಟುತ್ತದೆ. ಬೆಂಕಿ ತಾಗಿಸಿದರೆ ಅರಗು ಹರಿದುಹೋಗುತ್ತದೆ, ಹರಳೂ ಸೀಳಬಹುದು.

ಹರಳಿಗೆ ಆಗ ಇಂದಿನಂತೆ ಹತ್ತಾರು ಮುಖ ಕೊರೆಯುತ್ತಿರಲಿಲ್ಲ, ಹೆಚ್ಚಿನವನ್ನು ಗುಂಡಗೆ ಉಜ್ಜಿ ನಯಮಾಡುತ್ತಿದ್ದರು. ವಜ್ರ, ಕೆಂಪು, ನೀಲ, ಪಚ್ಚೆಗಳನ್ನು ಮೇಲಿಟ್ಟು ಉಳಿದವನ್ನೆಲ್ಲ ‘ಅರೆಬೆಲೆ’ಯವು ಎಂದು ತಳ್ಳುವುದು ಈಚಿನ ವ್ಯಾಪಾರದ ಲೆಕ್ಕ, ನವರತ್ನದಲ್ಲಿ ಗೋಮೇದಕ, ಹವಳಗಳಿಗೂ ಅದೇ ಪಂಕ್ತಿ. ಗೋಮೇದಕ ಗಾರ್ನೆಟ್ ಜಾತಿಯ ಕಲ್ಲು. ಅದರ ಕೆಂಪು ದಾಯಾದಿ ಭಾರತದಿಂದ ಕಡಲು ದಾಟಿ, 5–6ನೇ ಶತಮಾನದ ಯೂರೋಪಿನ ಫ್ರಾಂಕರ ಒಡವೆಗಳಲ್ಲಿ ಕೂತದ್ದನ್ನು ಪ್ಯಾರಿಸಿನ ಪ್ರಯೋಗಾಲಯಗಳು ಗುರುತಿಸಿವೆ.

ಚಿಂತಾಮಣಿ ಪೇಟೆ ಇವೆಲ್ಲಕ್ಕಿಂತ ಎಷ್ಟೋ ಈಚಿನದು, ಮರಾಠ ಸರದಾರ ಚಿಂತಾಮಣಿರಾಯನ ಹೆಸರಿನದು. ಇಲ್ಲಿನ ಕೋಮಟಿಗರ ಚಿನ್ನ, ಬೆಳ್ಳಿ, ರತ್ನದ ವ್ಯಾಪಾರದ ಸುದ್ದಿ ಹಳೆಯ ಗೆಜೆಟಿಯರಿನಲ್ಲೂ ಇದೆ. ಹಳೆ ಉಂಗುರ ಮಾರಲು ಬಂದರೆ ಮೊದಲು ಹರಳು ಕಿತ್ತು, ಅರಗು ತೆಗೆದು, ಆಮೇಲೆ ತಕ್ಕಡಿ. ಕಿತ್ತ ಹರಳು ಇನ್ನೊಂದು ಉಂಗುರಕ್ಕೆ ಏರುತ್ತದೆ. ಪ್ರಾಚೀನ ಒಡವೆಯ ಕಾಲ ಹೇಳುವವರು ಹರಳನ್ನಷ್ಟೇ ನಂಬದೆ, ಅದನ್ನು ಕಟ್ಟಿದ ರೀತಿಯನ್ನು ಭೂತಗನ್ನಡಿ ಹಿಡಿದು ನೋಡುವುದು ಇದಕ್ಕೇ.