ಕಣ್ಣಿಗೆ ಒಂದೇ ‘ಕೊಬ್ಬರಿ’, ಯಂತ್ರಕ್ಕೆ ಎರಡು

ದಂಡಿನಶಿವರದ ಕಡೆ ಅಟ್ಟದ ಮೇಲೆ ಕಾಯಿ ಹಾಕಿ ಕೊಬ್ಬರಿ ಮಾಡುವ ಮನೆಯ ಹುಡುಗಿಯೊಬ್ಬಳು ಲೆಕ್ಕಕ್ಕೆಂದು ಪುಟ್ಟ ವೆಬ್ ಪುಟ ಬರೆಯುತ್ತಾಳೆ ಎನ್ನಿ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಒಂದು ಫೈಲ್ ‘ಕೊಬ್ಬರಿ’ ಎಂಬ ಹೆಸರಿನಲ್ಲಿ 12,000ವನ್ನು ಎಕ್ಸ್‌ಪೋರ್ಟ್ ಮಾಡುತ್ತದೆ. 2024ರ ಹಂಗಾಮಿಗೆ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಅದು. ಇನ್ನೊಂದು ಫೈಲ್ ಅದನ್ನು ಇಂಪೋರ್ಟ್ ಮಾಡಿಕೊಂಡು ತೂಕದಿಂದ ಗುಣಿಸಬೇಕು. ಆದರೆ ಬ್ರೌಸರ್ ತಗಾದೆ ತೆಗೆಯುತ್ತದೆ: ಆ ಮಾಡ್ಯೂಲ್‌ನಲ್ಲಿ, ಅಂದರೆ ಮೊದಲ ಫೈಲಿನಲ್ಲಿ, ‘ಕೊಬ್ಬರಿ’ ಎಂಬ ಎಕ್ಸ್‌ಪೋರ್ಟೇ ಇಲ್ಲ! ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಕಾಗುಣಿತ ಸರಿಯಾಗೇ ಕಾಣುತ್ತದೆ.

1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆ ಕಟ್ಟಿದಾಗ ಅದರಲ್ಲಿ ಮಾಡ್ಯೂಲ್ ಇರಲಿಲ್ಲ. ಇಂಪೋರ್ಟ್, ಎಕ್ಸ್‌ಪೋರ್ಟ್‌ಗಳು ಭಾಷೆಯ ನಿಯಮವಾದದ್ದು 2015ರಲ್ಲಿ. ಈ ವ್ಯವಸ್ಥೆಯಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಎಂಜಿನ್ ಮೊದಲು ಎಲ್ಲ ಫೈಲುಗಳನ್ನೂ ಓದಿ, ಯಾವ ಹೆಸರು ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಬೇಕಾಗಿದೆ ಎಂದು ಗುರುತಿಸಿ ಗಂಟು ಹಾಕುತ್ತದೆ. ಆಮೇಲಷ್ಟೇ ಓಟ. ಒಂದು ಗಂಟು ಬೀಳದಿದ್ದರೂ ಲೆಕ್ಕದ ಮೊದಲ ಸಾಲು ಕೂಡ ಓಡುವುದಿಲ್ಲ. ತಪ್ಪು ಹುಡುಕಲು ನಡುವೆ ಏನಾದರೂ ಮುದ್ರಿಸಿ ನೋಡೋಣವೆಂದರೆ ಅದೂ ಸಾಗದು.

ಗಂಟು ಹಾಕುವಾಗ ಎಂಜಿನ್ ಅಕ್ಷರದ ಆಕಾರ ನೋಡುವುದಿಲ್ಲ, ಅದಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆ ನೋಡುತ್ತದೆ. ‘ಕೊ’ವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ‘ಕ’ದ ಮುಂದೆ ಒತ್ವ, ಅಂದರೆ 3274; ಇಲ್ಲವೇ ಎತ್ವ 3270, ಅದರ ಹಿಂದೆಯೇ ಕೊಂಬಿನಿಳಿ 3266. ಪರದೆಯ ಮೇಲೆ ಎರಡೂ ಒಂದೇ. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಸಮಾನವಲ್ಲವೆಂದು ಜಾವಾಸ್ಕ್ರಿಪ್ಟ್‌ನ ನಿಯಮ ಖಂಡತುಂಡವಾಗಿ ಹೇಳುತ್ತದೆ. ಪೈಥಾನ್ 3 ಇಂಥ ಹೆಸರುಗಳನ್ನು ತಾನೇ ಒಂದು ರೂಪಕ್ಕೆ ತಂದುಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ಗೂ ಅಷ್ಟು ಸೌಜನ್ಯ ಇರಬಹುದಿತ್ತು. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ತಂತ್ರಾಂಶ ಎಚ್ಚರ ತಪ್ಪಿದರೆ ಒಡೆದ ‘ಕೊ’ ನುಸುಳುತ್ತದೆ. ಅಕ್ಷರಗಳು ಕೂಡದಂತೆ ನಡುವೆ ಹಾಕುವ ಕಾಣದ ಚಿಹ್ನೆ 8204 ಕೂಡ ಹೆಸರಿನ ಭಾಗವೇ.

ಫೈಲಿನ ಹೆಸರಿಗೂ ಈ ಕಾಟ ಇದೆ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ಅಲ್ಲಿ ಓಡಿದ್ದು ಲಿನಕ್ಸ್ ಸರ್ವರ್‌ಗೆ ಹೋದ ಮೇಲೆ ‘ಫೈಲ್ ಸಿಗಲಿಲ್ಲ’ ಎನ್ನಬಹುದು. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾದರೂ ಇದೇ ಕಥೆ: ವಿಂಡೋಸ್ ಸುಮ್ಮನಿರುತ್ತದೆ, ಲಿನಕ್ಸ್ ಬಿಡುವುದಿಲ್ಲ.

ಇಂಪೋರ್ಟ್‌ನ ಉಳಿದ ತಪ್ಪುಗಳನ್ನು ಹಿಡಿಯುವುದು ಸಲೀಸು. ಹೆಸರಿಟ್ಟು ಕಳಿಸಿದ್ದನ್ನು ಪುಷ್ಪಾವರಣದೊಳಗೆ ಬರೆದು ತರಿಸಿಕೊಳ್ಳಬೇಕು. ಡಿಫಾಲ್ಟ್ ಎಂದು ಕಳಿಸಿದ್ದಕ್ಕೆ ಆವರಣ ಬೇಡ. ತರಿಸಿಕೊಂಡ ಬೆಲೆಯನ್ನು ತರಿಸಿಕೊಂಡ ಕಡೆ ತಿದ್ದಲು ಬರುವುದಿಲ್ಲ, ಕಳಿಸಿದ ಫೈಲಿನಲ್ಲೇ ತಿದ್ದಬೇಕು.

ಒಡೆದ ಅಕ್ಷರ ಕೂಡಿಸಲು ‘ನಾರ್ಮಲೈಸ್’ ಎಂಬ ಸವಲತ್ತು ಜಾವಾಸ್ಕ್ರಿಪ್ಟ್‌ಗೂ ಅದೇ 2015ರಲ್ಲಿ ಬಂತು. ಆದರೆ ಅದು ಕೆಲಸ ಮಾಡುವುದು ಪ್ರೋಗ್ರಾಂ ಓಡುವಾಗ, ಅದೂ ಪಠ್ಯದ ಮೇಲೆ ಮಾತ್ರ. ಹೆಸರುಗಳ ಗಂಟು ಅದಕ್ಕೂ ಮೊದಲಿನ ಮಾತು. ಹಾಗಾಗಿ ಹುಡುಗಿ ಎರಡೂ ಫೈಲುಗಳಲ್ಲಿ ‘ಕೊಬ್ಬರಿ’ಯನ್ನು ಅಳಿಸಿ ಒಂದೇ ಕೀಲಿಮಣೆಯಿಂದ ಮತ್ತೆ ಟೈಪ್ ಮಾಡಬೇಕು.